ಸುಳ್ಳಿಗೂ ಒಂದು ಶ್ರದ್ಧೆ ಬೇಡವೇ?

ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡುವವರನ್ನು ಕಂಡರೆ ತಿಳಿದವರಿಗೆ ಒಂದು ಬಗೆಯ ಕನಿಕರ. ‘ಅದೆಲ್ಲ ಸುಳ್ಳು ಕಣ್ರೀ, ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ’ ಎಂದು ದನಿ ತಗ್ಗಿಸಿ, ನಮಗೆ ಆಘಾತವಾಗದ ಹಾಗೆ ನಿಧಾನವಾಗಿ ಹೇಳುತ್ತಾರೆ. ಹೇಳಿ ನಮ್ಮ ಮುಖ ನೋಡುತ್ತಾರೆ. ಮನೆ ಸಾಲದ ಕಂತು ಕಟ್ಟುವ, ಬಿಪಿ ಮಾತ್ರೆ ನುಂಗುವ ವಯಸ್ಸಿನ ಗಂಡಸೊಬ್ಬ, ಸತ್ತವನು ಶವಪೆಟ್ಟಿಗೆಯಿಂದ ಎದ್ದು ಬಂದು ಚೋಕ್‌ಸ್ಲ್ಯಾಮ್ ಹೊಡೆಯುತ್ತಾನೆಂದು ನಂಬಿ ಕೂತಿದ್ದಾನೆ ಎಂಬುದು ಅವರ ಅಂದಾಜು. ಉಪದೇಶ ಮುಗಿಸಿ ಮನೆಗೆ ಹೋದವರೇ ರಾತ್ರಿ ಒಂಬತ್ತರ ಟಿವಿ ಚರ್ಚೆಗೆ ಕೂರುತ್ತಾರೆ. ಅಲ್ಲಿ ಇಬ್ಬರು ವಕ್ತಾರರು ಕಿರುಚಾಡುವುದನ್ನು ಅಪ್ಪಟ ಸತ್ಯವೆಂದೇ ನಂಬಿ ಬಿಪಿ ಏರಿಸಿಕೊಳ್ಳುತ್ತಾರೆ. ಇರಲಿ.

ಈ ಆಟ ಸುಳ್ಳೆಂದು ಪೈಲ್ವಾನನ ಮುಖಕ್ಕೇ ಹೇಳಿದವನ ಗತಿ ಏನಾಯಿತು ಗೊತ್ತೆ? 1984ರ ಡಿಸೆಂಬರಿನಲ್ಲಿ ಎಬಿಸಿ ವಾಹಿನಿಯ ವರದಿಗಾರ ಜಾನ್ ಸ್ಟಾಸೆಲ್, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಡೇವಿಡ್ ಶುಲ್ಟ್ಜ್ ಎಂಬ ದಾಂಡಿಗನ ಮುಂದೆ ಮೈಕು ಹಿಡಿದು ‘ಇದು ಸುಳ್ಳು ಅಂತ ನನಗನ್ನಿಸುತ್ತೆ’ ಎಂದ. ಶುಲ್ಟ್ಜ್ ಕಿವಿಗೊಂದು ಬಾರಿಸಿ ಕೆಡವಿದ. ಎದ್ದ ಮೇಲೆ ಇನ್ನೊಂದು ಕಿವಿಗೂ ಬಾರಿಸಿದ. ಕೇಸು ನಡೆದು, ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ ಹಣದಲ್ಲಿ ರಾಜಿಯಾಯಿತು. ಇದಾಗಿ ಐದು ವರ್ಷ ತುಂಬಿರಲಿಲ್ಲ, 1989ರಲ್ಲಿ ಈ ಕುಸ್ತಿ ನಡೆಸುವ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಹೋಗಿ, ‘ಸ್ವಾಮಿ, ನಮ್ಮದು ಕ್ರೀಡೆಯಲ್ಲ, ಬರೀ ಮನರಂಜನೆ’ ಎಂದು ಒಪ್ಪಿಕೊಂಡು ಬಂದರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗ ಬರುತ್ತದೆ, ವೈದ್ಯರ ತಪಾಸಣೆ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತೆರಿಗೆ ಬರುತ್ತದೆ. ಸ್ಟಾಸೆಲ್ ಹೇಳಿದಾಗ ಕಪಾಳಮೋಕ್ಷಕ್ಕೆ ತಕ್ಕುದಾಗಿದ್ದ ಮಾತು, ತೆರಿಗೆ ಉಳಿಯುತ್ತದೆ ಎಂದಾಗ ಕಂಪನಿಯ ಬಾಯಿಂದಲೇ ಬಂತು.

ಆಗ ಅದರ ಹೆಸರು ಡಬ್ಲ್ಯುಡಬ್ಲ್ಯುಎಫ್. ಪಾಂಡಾ ಚಿತ್ರದ ವನ್ಯಜೀವಿ ಸಂಸ್ಥೆಯದೂ ಅದೇ ಮೂರಕ್ಷರ. ಅವರು ಕೋರ್ಟಿಗೆ ಎಳೆದು ಗೆದ್ದ ಮೇಲೆ 2002ರಲ್ಲಿ ಎಫ್ ಹೋಗಿ ಇ ಬಂತು. ಅಷ್ಟೂ ಪೈಲ್ವಾನರನ್ನು ಮೊದಲೇ ಮಾತಾಡಿಕೊಳ್ಳದೆ ಸೋಲಿಸಿದ್ದು ಆ ಪಾಂಡಾ ಒಂದೇ.

ಹೀಗಾಗಿ ಸುಳ್ಳು ಎಂಬುದು ನನ್ನ ತಕರಾರೇ ಅಲ್ಲ. ಅದು ಮುಗಿದ ಕಥೆ, ದಾಖಲೆಯಲ್ಲಿದೆ. ನನ್ನ ತಕರಾರು, ಈಚೆಗೆ ಇವರು ಮೈಗಳ್ಳರಾಗಿದ್ದಾರೆ ಎಂಬುದು. ಸುಳ್ಳು ಹೇಳುವುದಕ್ಕೂ ಒಂದು ದುಡಿಮೆ ಬೇಕು, ಹಿಂದಿನ ವಾರ ಏನು ಹೇಳಿದ್ದೆವೆಂಬ ನೆನಪು ಬೇಕು. ಅದೇ ಹೋಗಿದೆ.

ಅಂಡರ್‌ಟೇಕರ್‌ನನ್ನೇ ನೋಡಿ. 1990ರ ನವೆಂಬರಿನಲ್ಲಿ ಬಂದ. ಮಾರ್ಕ್ ಕ್ಯಾಲವೇ ಎಂಬ ಟೆಕ್ಸಾಸಿನ ಆಳು. ಅವನ ಪಾತ್ರದ ಹುಚ್ಚುತನ ಸಾಮಾನ್ಯದ್ದಲ್ಲ, ಹೆಣ ಹೂಳುವವನಂತೆ, ಪೆಟ್ಟು ತಾಗುವುದಿಲ್ಲವಂತೆ, ಮಲಗಿದವನು ಸೊಂಟದಿಂದ ಮೇಲಕ್ಕೆ ಕೀಲುಗೊಂಬೆಯ ಹಾಗೆ ಎದ್ದು ಕೂರುತ್ತಾನಂತೆ. ಆದರೆ ಆತ ಆ ಹುಚ್ಚುತನವನ್ನು ಮೂವತ್ತು ವರ್ಷದಲ್ಲಿ ಬಹುಪಾಲು ಕಾಪಾಡಿದ. ಸಂದರ್ಶನ ಕೊಟ್ಟು ಹಲ್ಲು ಕಿರಿದದ್ದು ಅಪರೂಪ, ಹೊರಗಡೆಯೂ ಕರಿ ಬಟ್ಟೆ ಬಿಡಲಿಲ್ಲ. ಕಥೆಯ ಪ್ರಕಾರ ಬೆಂಕಿಯಲ್ಲಿ ಸತ್ತಿದ್ದ ಅವನ ತಮ್ಮ ಕೇನ್ ಬದುಕಿದ್ದಾನೆ ಎಂಬ ಸುಳಿವನ್ನು 1997ರ ಬೇಸಿಗೆಯಲ್ಲಿ ಬಿಟ್ಟರು. ಅಕ್ಟೋಬರಿನಲ್ಲಿ ಕೇನ್ ಬಂದು, ಅಣ್ಣ ಕಾದಾಡುತ್ತಿದ್ದ ಪಂಜರದ ಬಾಗಿಲು ಕಿತ್ತೆಸೆದ. ಆದರೂ ಅಣ್ಣ ‘ರಕ್ತ ಹಂಚಿಕೊಂಡವನ ಮೇಲೆ ಕೈ ಎತ್ತಲ್ಲ’ ಎಂದು ತಿಂಗಳುಗಟ್ಟಲೆ ಹಟ ಹಿಡಿದ. ಹೊಡೆದಾಟ ನಡೆದದ್ದು ಮರುವರ್ಷದ ಮಾರ್ಚಿನಲ್ಲಿ, ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ. ಸುಮಾರು ಒಂಬತ್ತು ತಿಂಗಳು! ಒಂದು ಸುಳ್ಳನ್ನು ಹೊತ್ತು, ಹೆತ್ತು, ನಾಮಕರಣ ಮಾಡಿ ಕೊಟ್ಟರು. ಅಣ್ಣತಮ್ಮಂದಿರಿಗೆ ರಕ್ತಸಂಬಂಧ ಇಲ್ಲವೆಂದು ಗೊತ್ತಿದ್ದೂ ನಾವು ಕಣ್ಣೊರೆಸಿಕೊಂಡೆವು. (ಆ ತಮ್ಮ, ಅಂದರೆ ಗ್ಲೆನ್ ಜೇಕಬ್ಸ್, 2018ರಲ್ಲಿ ಟೆನೆಸಿಯ ನಾಕ್ಸ್ ಕೌಂಟಿಗೆ ಮೇಯರ್ ಆದ. 2022ರಲ್ಲಿ ಮತ್ತೆ ಗೆದ್ದ. ಬೆಂಕಿಯಲ್ಲಿ ಸುಟ್ಟು, ಮುಖವಾಡ ಹಾಕಿಕೊಂಡು, ಅಪ್ಪ ಅಮ್ಮನ ಸಾವಿಗೆ ಅಣ್ಣನನ್ನು ದೂರುತ್ತಿದ್ದವನಿಗೆ ಕಸ ವಿಲೇವಾರಿಯ ದೂರು ಕೇಳುವುದು ಕಷ್ಟವೇನಲ್ಲ.)

ನಮ್ಮ ಕಡೆಯ ಹುಡುಗರು ಆ ಸುಳ್ಳಿಗೆ ತಮ್ಮ ಪಾಲನ್ನೂ ಸೇರಿಸಿದ್ದರು. ಅಂಡರ್‌ಟೇಕರ್‌ಗೆ ಏಳು ಜೀವ, ಆರು ಮುಗಿದಿವೆ ಎಂಬುದು ಶಾಲೆಯ ಕಾಂಪೌಂಡಿನಲ್ಲಿ ಎಲ್ಲರೂ ಒಪ್ಪಿದ್ದ ವಿಜ್ಞಾನ. ಪೈಲ್ವಾನರ ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ, ಎದೆ ಸುತ್ತಳತೆ ಅಚ್ಚಾಗಿರುತ್ತಿತ್ತು. ಮಗ್ಗಿ ಬಾರದವನಿಗೂ ಬಿಗ್ ಶೋನ ತೂಕ ಬಾಯಿಪಾಠ. 1996ರಲ್ಲಿ ‘ಖಿಲಾಡಿಯೋಂ ಕಾ ಖಿಲಾಡಿ’ ಬಂದು ಅಕ್ಷಯ್ ಕುಮಾರ್ ಅಂಡರ್‌ಟೇಕರ್‌ನನ್ನೇ ಎತ್ತಿ ಒಗೆದಾಗ ದೇಶಕ್ಕೆ ದೇಶವೇ ಎದೆಯುಬ್ಬಿಸಿತು. ಪರದೆಯ ಮೇಲಿದ್ದವನು ಬ್ರಯನ್ ಲೀ. 1994ರಲ್ಲಿ ಕಂಪನಿಯ ಕಥೆಯಲ್ಲೇ ‘ನಕಲಿ ಅಂಡರ್‌ಟೇಕರ್’ ಆಗಿ ಬಂದು, ಅಸಲಿಯ ಕೈಲಿ ಸೋತು ಹೋದವನು. ಅಸಲಿಯೇ ವೇಷ, ಆ ವೇಷಕ್ಕೊಬ್ಬ ನಕಲಿ, ಆ ನಕಲಿಯನ್ನು ಗೆದ್ದವನು ನಮ್ಮ ಹೀರೋ. ನಮ್ಮ ರಾಷ್ಟ್ರೀಯ ವಿಜಯಗಳಲ್ಲಿ ಇದು ಬಹಳ ಕೆಳಗಿನ ಸ್ಥಾನದಲ್ಲೇನೂ ಇಲ್ಲ.

ಸುಳ್ಳಿನೊಳಗೆ ಎಷ್ಟು ಕಸುಬಿದೆ ಎಂಬುದನ್ನು ನೋಡಬೇಕಾದರೆ ಪೈಲ್ವಾನರನ್ನು ಬಿಟ್ಟು ರೆಫರಿಯನ್ನು ನೋಡಬೇಕು. ಟಿವಿಯಲ್ಲಿ ಅವನಷ್ಟು ಪೆದ್ದ ಇನ್ನೊಬ್ಬನಿಲ್ಲ. ಬೆನ್ನ ಹಿಂದೆ ಮೂರು ಜನ ಸೇರಿ ಒಬ್ಬನನ್ನು ಕುರ್ಚಿಯಿಂದ ಚಚ್ಚುತ್ತಿರುತ್ತಾರೆ, ಇಡೀ ಕ್ರೀಡಾಂಗಣ ‘ಹಿಂದೆ ನೋಡೋ’ ಎಂದು ಅರಚುತ್ತಿರುತ್ತದೆ, ಈತ ಹಗ್ಗದಾಚೆ ನಿಂತ ಮ್ಯಾನೇಜರನಿಗೆ ನೀತಿಪಾಠ ಹೇಳುತ್ತಿರುತ್ತಾನೆ. ಯಾರಾದರೂ ಮೊಣಕೈ ತಾಗಿಸಿದರೆ ಸಾಕು, ಬಿದ್ದವನು ಹತ್ತು ನಿಮಿಷ ಏಳುವುದಿಲ್ಲ. ಅದೇ ಪೆಟ್ಟಿಗೆ ಪೈಲ್ವಾನ ತಲೆ ಕೊಡವಿಕೊಂಡು ನಗುತ್ತಾನೆ. ರಿಂಗಿನ ಅಡಿಯಲ್ಲೋ, ಒಂದು ಶಾಮಿಯಾನದ ಅಂಗಡಿಯೇ ಇದೆ: ಟೇಬಲ್, ಏಣಿ, ಮಡಚುವ ಕುರ್ಚಿ, ಬಡಿಗೆ. ಅದನ್ನು ಯಾರು ತಂದಿಟ್ಟರು ಎಂದು ರೆಫರಿ ಈವರೆಗೆ ಕೇಳಿಲ್ಲ.

ಆದರೆ ಅವನ ಕೈ ನೋಡಿ. ಬಿದ್ದವನ ಪಕ್ಕ ಮಂಡಿಯೂರಿ ಎಣಿಸುವ ನೆಪದಲ್ಲಿ ಅವನ ಅಂಗೈ ಒತ್ತುತ್ತಾನೆ. ತಿರುಗಿ ಒತ್ತಿದರೆ ಎಲ್ಲ ಸರಿಯಿದೆ ಎಂದರ್ಥ. ಕಿವಿಯಲ್ಲಿ ಸಣ್ಣ ಯಂತ್ರವಿರುತ್ತದೆ, ‘ಇನ್ನೆರಡು ನಿಮಿಷದಲ್ಲಿ ಮುಗಿಸಿ’ ಎಂದು ಒಳಗಿನಿಂದ ಬಂದದ್ದನ್ನು ಇಬ್ಬರಿಗೂ ಪಿಸುಗುಡುವವನು ಅವನೇ. ಪೆಟ್ಟು ನಿಜವಾಗಿದ್ದರೆ ಎರಡೂ ಕೈ ಮೇಲೆತ್ತಿ ಗುಣಾಕಾರದ ಗುರುತು ಮಾಡುತ್ತಾನೆ. ಆಗ ಡಾಕ್ಟರು ಓಡಿ ಬರುತ್ತಾರೆ. ಪರದೆಯ ಮೇಲಿನ ಪೆದ್ದನೇ ಅಲ್ಲಿರುವವರಲ್ಲಿ ಎಲ್ಲ ಗೊತ್ತಿರುವವನು. ಮೈಸೂರು ದಸರಾ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಇಲ್ಲಿ ಬೆನ್ನು ತಾಗಿದ ಮೇಲೆ ಮೂರು ಎಣಿಸಬೇಕು. ಎರಡು ಮುಕ್ಕಾಲಿಗೆ ಭುಜ ಏಳುತ್ತದಲ್ಲ, ಆ ಕಾಲೇ ಕಾಲು ಎಣಿಕೆಯಲ್ಲಿ ಇಡೀ ಉದ್ಯಮ ನಿಂತಿದೆ.

ಭೂಮಿಯ ಗುರುತ್ವಾಕರ್ಷಣೆಗೆ ಮಾತ್ರ ಯಾರೂ ಸ್ಕ್ರಿಪ್ಟ್ ಬರೆದುಕೊಟ್ಟಿಲ್ಲ. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಮಿಕ್ ಫೋಲಿ ಟೇಬಲ್ಲಿನ ಮೇಲೆ ಬಿದ್ದದ್ದು ಮೊದಲೇ ಮಾತಾಡಿಕೊಂಡ ಬೀಳುವಿಕೆ. ಅವನು ಅದೇ ರಾತ್ರಿ ಮತ್ತೆ ಪಂಜರ ಹತ್ತಿದ, ಈ ಸಲ ಛಾವಣಿ ಕಿತ್ತುಬಂದು ಒಳಗೆ ಬಿದ್ದ. ಅದನ್ನು ಯಾರೂ ಮಾತಾಡಿಕೊಂಡಿರಲಿಲ್ಲ. ಮರುವರ್ಷ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಛಾವಣಿಯಿಂದ ಹಗ್ಗದಲ್ಲಿ ಇಳಿಸುವ ತಮಾಷೆಯ ದೃಶ್ಯವಿತ್ತು. ಕೊಂಡಿ ಕಳಚಿತು, ಬಿದ್ದು ಸತ್ತ. ಟಿವಿಯಲ್ಲಿ ನೋಡುತ್ತಿದ್ದವರಿಗೆ ಸಾವನ್ನು ತಿಳಿಸಿದರು. ಕ್ರೀಡಾಂಗಣದಲ್ಲಿ ಟಿಕೆಟ್ ಕೊಂಡು ಕೂತವರಿಗೆ ತಿಳಿಸಲಿಲ್ಲ, ಕಾರ್ಯಕ್ರಮ ಕೊನೆಯವರೆಗೂ ನಡೆಯಿತು. ‘ಅದೆಲ್ಲ ಸುಳ್ಳು’ ಎನ್ನುವವರು ಈ ಒಂದು ಸಂಜೆಯ ವಿಷಯ ಓದಿ ಬರಬಹುದು.

ಇಷ್ಟು ಹೊಣೆ ಹೊತ್ತ ಸುಳ್ಳನ್ನು ಈಗ ಹೇಗೆ ನಡೆಸುತ್ತಿದ್ದಾರೆ? ಜಾನ್ ಸೀನಾನ 2025ನೇ ಇಸವಿಯೊಂದೇ ಸಾಕು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈತ ಒಳ್ಳೆಯವನು. ಮೇಕ್ ಎ ವಿಶ್ ಸಂಸ್ಥೆಯ ಮೂಲಕ ಕಾಯಿಲೆಯ ಮಕ್ಕಳ 650ಕ್ಕೂ ಹೆಚ್ಚು ಆಸೆಗಳನ್ನು ಪೂರೈಸಿದವನು. ‘ಎಂದೂ ಸೋಲೊಪ್ಪಬೇಡ’ ಎಂದು ಟೀ ಶರ್ಟಿನ ಮೇಲೆ ಬರೆಸಿ ಮಾರಿದವನು. ಇವನು ಒಂದು ದಿನ ಕೆಟ್ಟವನಾಗಬೇಕೆಂದು ನಾವು ಅಭಿಮಾನಿಗಳು ಹರಕೆ ಹೊತ್ತಿದ್ದೆವು. ಮಾರ್ಚ್ 1ರಂದು ಟೊರಾಂಟೋದಲ್ಲಿ ಆ ಹರಕೆ ತೀರಿತು. ಹಳೆಯ ಪೈಲ್ವಾನ ದಿ ರಾಕ್ ಬಂದು ಚಾಂಪಿಯನ್ ಕೋಡಿ ರೋಡ್ಸ್‌ನ ಹತ್ತಿರ ‘ನಿನ್ನ ಆತ್ಮ ಬೇಕು’ ಎಂದು ಕೇಳಿದ್ದ. ಕೋಡಿ ‘ಕೊಡಲ್ಲ ಹೋಗು’ ಎಂದ. ಸೀನಾ ಕೋಡಿಯನ್ನು ತಬ್ಬಿಕೊಂಡ. ರಾಕ್ ಕತ್ತಿನ ಮೇಲೆ ಬೆರಳೆಳೆದು ಸನ್ನೆ ಮಾಡಿದ. ಸೀನಾನ ಮುಖದಲ್ಲಿ ನಗು ಕರಗಿತು, ಮರುಕ್ಷಣ ಕೋಡಿಗೆ ಹೊಡೆಯಬಾರದ ಜಾಗಕ್ಕೆ ಹೊಡೆದ. ಆ ಹತ್ತು ಸೆಕೆಂಡಿನ ಮುಖ ನೋಡಿ ನಾನು ಹಿಡಿದಿದ್ದ ಕಾಫಿ ಲೋಟ ಹಾಗೇ ಹಿಡಿದುಕೊಂಡಿದ್ದೆ. ‘ಯಾರಾದ್ರೂ ಹೋಗ್ಬಿಟ್ರೇನ್ರೀ?’ ಎಂದು ಅಡುಗೆಮನೆಯಿಂದ ಬಂದ ಹೆಂಡತಿ ಗಾಬರಿಯಿಂದ ಕೇಳಿದಳು.

ಕೋಡಿಯದು ಸಿಗದೆ ಸೀನಾನ ಆತ್ಮ ಕೊಂಡವನು ರೆಸಲ್‌ಮೇನಿಯಾಕ್ಕೆ ಬರಬೇಕೋ ಬೇಡವೋ? ಏಪ್ರಿಲ್ 20ರಂದು ಲಾಸ್ ವೇಗಸ್‌ನಲ್ಲಿ ಸೀನಾ 17ನೇ ಸಲ ಚಾಂಪಿಯನ್ ಆಗಿ ರಿಕ್ ಫ್ಲೇರ್‌ನ ದಾಖಲೆ ಮುರಿದ ರಾತ್ರಿ ರಾಕ್ ಬರಲೇ ಇಲ್ಲ. ಬಂದವನು ಟ್ರಾವಿಸ್ ಸ್ಕಾಟ್ ಎಂಬ ರ‍್ಯಾಪ್ ಗಾಯಕ. ಹೋಗಲಿ, ಆತ್ಮದ ವ್ಯಾಪಾರ ಏನಾಯಿತು, ಕರಾರು ಯಾವುದು, ಬಡ್ಡಿ ಎಷ್ಟು? ಯಾರೂ ಹೇಳಲಿಲ್ಲ. ಈ ರಾಕ್ ಕಥೆಯಲ್ಲಿ ಕೊನೆಯ ಯಜಮಾನ ಎಂದು ಕರೆಸಿಕೊಳ್ಳುತ್ತಾನೆ, ಕಥೆಯ ಹೊರಗೂ ಮಾತೃಸಂಸ್ಥೆ ಟಿಕೆಒದ ನಿರ್ದೇಶಕ ಮಂಡಳಿಯಲ್ಲಿ ಕೂತಿದ್ದಾನೆ. ಖಳನಾಯಕನೇ ಬೋರ್ಡ್ ಮೀಟಿಂಗಿಗೂ ಹೋಗುವ ಕಂಪನಿಯಲ್ಲಿ ಅವನ ಗೈರುಹಾಜರಿಗೆ ಕಾರಣ ಕೇಳುವ ನೋಟಿಸು ಯಾರು ಕೊಡಬೇಕು? ಆಗಸ್ಟಿನ ಹೊತ್ತಿಗೆ ಸೀನಾ ಮತ್ತೆ ಒಳ್ಳೆಯವನಾಗಿದ್ದ. ಕುಸ್ತಿಯನ್ನೇ ಹಾಳು ಮಾಡುತ್ತೇನೆಂದು ಏಪ್ರಿಲಿನಲ್ಲಿ ಗುಡುಗಿದವನು ಅದೇ ಮಕ್ಕಳಿಗೆ ಅದೇ ಟೋಪಿ ಹಂಚುತ್ತಿದ್ದ. ಕೇನ್ ಮತ್ತು ಅವನ ಅಣ್ಣ ಹೊಡೆದಾಟಕ್ಕಿಳಿಯಲು ತೆಗೆದುಕೊಂಡ ಅವಧಿಗಿಂತ ಕಡಿಮೆ ಸಮಯದಲ್ಲಿ ಇವನು ಕೆಟ್ಟು, ಗೆದ್ದು, ಸೋತು, ತಿದ್ದಿಕೊಂಡು ಮುಗಿಸಿದ್ದ. ನಮ್ಮ ಪಕ್ಷಾಂತರಿ ಶಾಸಕರೂ ಇಷ್ಟು ಗಡಿಬಿಡಿ ಮಾಡುವುದಿಲ್ಲ.

ಭಾರತದ ವಿಷಯದಲ್ಲಂತೂ ಇವರಿಗೆ ಶ್ರದ್ಧೆ ಎಂದೂ ಇರಲಿಲ್ಲ. ಪಂಜಾಬ್ ಪೊಲೀಸಿನಲ್ಲಿದ್ದ, ಹಿಮಾಚಲದ ದಲೀಪ್ ಸಿಂಗ್ ರಾಣಾನನ್ನು ‘ದಿ ಗ್ರೇಟ್ ಖಲಿ’ ಮಾಡಿದರು. 2006ರಲ್ಲಿ ಅಂಡರ್‌ಟೇಕರ್‌ನನ್ನು ಬಡಿದು ಹಾಕಿಸಿದರು, 2007ರಲ್ಲಿ ವಿಶ್ವ ಚಾಂಪಿಯನ್ ಮಾಡಿದರು, ಆಮೇಲೆ ಮುತ್ತು ಕೊಡುವ ಹಾಸ್ಯಪಾತ್ರಕ್ಕೆ ಇಳಿಸಿದರು. ಅವನ ಹೆಸರಿನಲ್ಲಿ ಬಿದಿರು ಕಟ್ಟಿದ ಎರಡು ಸುತ್ತಿನ ಪಂಜರವೊಂದನ್ನು ನಿಲ್ಲಿಸಿ ‘ಪಂಜಾಬಿ ಜೈಲು’ ಎಂದರು. ಲೂಧಿಯಾನದ ಯಾವ ಕೈದಿಯೂ ಕಂಡಿರದ ಜೈಲು. 2017ರ ಮೇ ತಿಂಗಳಲ್ಲಿ ಜಿಂದರ್ ಮಹಲ್ ಚಾಂಪಿಯನ್ ಆದ. ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಬಿರುದು ಆಧುನಿಕ ಮಹಾರಾಜ. ಭಾರತದ ಮಾರುಕಟ್ಟೆಗಾಗಿಯೇ ಈ ಪಟ್ಟಾಭಿಷೇಕ ಎಂದು ಎಲ್ಲರೂ ಮಾತಾಡಿಕೊಂಡರು. ಡಿಸೆಂಬರಿನಲ್ಲಿ ದೆಹಲಿಗೆ ಬರುವುದಿತ್ತು, ನವೆಂಬರಿನಲ್ಲೇ ಬೆಲ್ಟು ಕಿತ್ತುಕೊಂಡರು. ದೆಹಲಿಯಲ್ಲಿ ಅವನನ್ನು ಸೋಲಿಸಿದವನು ಟ್ರಿಪಲ್ ಎಚ್, ಕಂಪನಿಯ ಆಗಿನ ಮಾಲೀಕ ವಿನ್ಸ್ ಮೆಕ್‌ಮಹನ್‌ನ ಅಳಿಯ. ಮಹಾರಾಜನನ್ನು ಅವನ ರಾಜಧಾನಿಯಲ್ಲೇ ಸೋಲಿಸಲು ಅಳಿಯಂದಿರೇ ವಿಮಾನ ಹತ್ತಿ ಬಂದರು. ಈಸ್ಟ್ ಇಂಡಿಯಾ ಕಂಪನಿಯೂ ಕನಿಷ್ಠ ಒಂದು ಒಪ್ಪಂದಕ್ಕೆ ಸಹಿ ಹಾಕಿಸುತ್ತಿತ್ತು.

ದುಡ್ಡು ಬರುವ ಕಡೆ ಕಥೆ ಬಗ್ಗುತ್ತದೆ ಎಂಬುದಕ್ಕೆ ಸೌದಿ ಸಾಕ್ಷಿ. 2018ರಿಂದ ಹತ್ತು ವರ್ಷದ ಕರಾರು. ಮೊದಮೊದಲು ಅಲ್ಲಿ ಹೆಂಗಸರ ಪಂದ್ಯವೇ ಇರಲಿಲ್ಲ. ಮಹಿಳಾ ಕ್ರಾಂತಿ ಮಾಡಿದ್ದೇವೆಂದು ಅಮೆರಿಕದಲ್ಲಿ ಭಾಷಣ ಬಿಗಿಯುತ್ತಿದ್ದವರು ರಿಯಾದಿನ ವಿಮಾನ ಹತ್ತುವಾಗ ಕ್ರಾಂತಿಯನ್ನು ಮನೆಯಲ್ಲೇ ಬಿಟ್ಟು ಹೋದರು. 2019ರ ಅಕ್ಟೋಬರ್ 31ರಂದು ಮೊದಲ ಬಾರಿ ಇಬ್ಬರು ಹೆಂಗಸರು ಆಡಿದರು, ಕತ್ತಿನಿಂದ ಪಾದದವರೆಗೆ ಮುಚ್ಚಿಕೊಂಡು. ಆ ನಾಡಿನ ಮೊದಲ ದೊಡ್ಡ ಪ್ರದರ್ಶನದಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು ಒಂದೇ: ಟೈಟಸ್ ಓ’ನೀಲ್ ಎಂಬವನು ರಿಂಗಿನತ್ತ ವೀರಾವೇಶದಿಂದ ಓಡಿ ಬಂದು, ಎಡವಿ, ಜಾರಿ, ರಿಂಗಿನ ಅಡಿಗೇ ಹೋಗಿಬಿಟ್ಟ. ಯಾರೂ ಬರೆದುಕೊಡದ ಆ ದೃಶ್ಯವನ್ನು ಜಗತ್ತು ಈಗಲೂ ಹಾಕಿ ಹಾಕಿ ನೋಡುತ್ತಿದೆ.

ಬರೆದದ್ದೆಲ್ಲ ರಿಂಗಿನೊಳಗೇ ಉಳಿದಿದ್ದರೆ ಚೆನ್ನಾಗಿತ್ತು. 2007ರ ಏಪ್ರಿಲ್ 1ರಂದು ಡೆಟ್ರಾಯಿಟ್‌ನಲ್ಲಿ ಡೊನಾಲ್ಡ್ ಟ್ರಂಪ್ ಪಣ ಗೆದ್ದು ವಿನ್ಸ್ ಮೆಕ್‌ಮಹನ್‌ನ ತಲೆ ಬೋಳಿಸಿದ. ಇಂದು ವಿನ್ಸ್‌ನ ಪತ್ನಿ ಲಿಂಡಾ ಅದೇ ಟ್ರಂಪ್ ಸಂಪುಟದಲ್ಲಿ ಶಿಕ್ಷಣ ಕಾರ್ಯದರ್ಶಿ. 2025ರ ಮಾರ್ಚ್ 3ರಂದು ನೇಮಕಕ್ಕೆ ಒಪ್ಪಿಗೆ ಸಿಕ್ಕಿತು, ಅದೇ ತಿಂಗಳ 20ಕ್ಕೆ ಆ ಇಲಾಖೆಯನ್ನೇ ಮುಚ್ಚುವತ್ತ ಹೆಜ್ಜೆಯಿಡುವ ಆದೇಶಕ್ಕೆ ಅಧ್ಯಕ್ಷರ ಸಹಿ ಬಿತ್ತು. ಪಂದ್ಯ ಶುರುವಾಗುವ ಮೊದಲೇ ಯಾರು ಬೀಳಬೇಕೆಂದು ತೀರ್ಮಾನವಾಗಿರುವುದು ಕುಸ್ತಿಯಲ್ಲಿ ಮಾತ್ರ ಎಂದು ಯಾರೋ ಹೇಳಿದ್ದರು.

ಇನ್ನು ನಮ್ಮ ಸಮಾಚಾರ. ಹಿಂದೆ ಅಭಿಮಾನಿ ‘ಹೊಡಿ, ಬಡಿ’ ಎನ್ನುತ್ತಿದ್ದ. ಈಗಿನವನು ಲೆಕ್ಕಪರಿಶೋಧಕ. ಯಾರ ಕರಾರು ಯಾವ ತಿಂಗಳು ಮುಗಿಯುತ್ತದೆ, ಟಿಕೆಒ ಷೇರು ಎಷ್ಟಿದೆ, ವಾರವಾರದ ‘ರಾ’ ಕಾರ್ಯಕ್ರಮಕ್ಕೆ ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ ಕೊಡಲೊಪ್ಪಿದ 500 ಕೋಟಿ ಡಾಲರಿನಲ್ಲಿ ಬರಹಗಾರರಿಗೆ ಎಷ್ಟು ಖರ್ಚಾಗಿರಬಹುದು ಎಂದೆಲ್ಲ ಚರ್ಚಿಸುತ್ತಾನೆ. ಬೇಸಿಗೆಯಾದರೆ ಐದೂವರೆಗೆ, ಚಳಿಗಾಲವಾದರೆ ಆರೂವರೆಗೆ ಮಂಗಳವಾರ ಬೆಳಗಿನ ಅಲಾರಂ ಇಟ್ಟು ಏಳುತ್ತಾನೆ, ಹಲ್ಲುಜ್ಜುವುದಕ್ಕೆ ಮೊದಲೇ ‘ಇವರಿಗೆ ಕಥೆ ಬರೆಯಲು ಬರಲ್ಲ’ ಎಂದು ತೀರ್ಪು ಕೊಡುತ್ತಾನೆ. ರಿಂಗಿನ ನಟ್ಟನಡುವೆ ಪಾನೀಯದ ಜಾಹೀರಾತು ಬಳಿದಿದ್ದಾರೆ, ನಾಯಕ ರಕ್ತ ಸುರಿಸಿಕೊಂಡು ಬೀಳುವುದು ಅದರ ಮೇಲೆಯೇ. ಅದಕ್ಕೂ ಬೈಯುತ್ತಾನೆ. ಬೈದು, ತಿಂಗಳ ಚಂದಾ ಕಟ್ಟುತ್ತಾನೆ.

ಇಷ್ಟೆಲ್ಲ ಲೆಕ್ಕ ಹಾಕುವವನು ಒಂದು ಲೆಕ್ಕ ಮಾತ್ರ ಕೇಳುವುದಿಲ್ಲ. ಈ ಪೈಲ್ವಾನರು ಕಾನೂನಿನ ಪ್ರಕಾರ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಸಂಘ ಇಲ್ಲ. 1986ರಲ್ಲಿ ಜೆಸ್ಸಿ ವೆಂಚುರಾ ಸಂಘ ಕಟ್ಟೋಣವೆಂದು ಡ್ರೆಸಿಂಗ್ ರೂಮಿನಲ್ಲಿ ಮಾತೆತ್ತಿದ. ಮಾತು ನೇರ ವಿನ್ಸ್‌ನ ಕಿವಿಗೆ ಹೋಯಿತು. ಮುಟ್ಟಿಸಿದವನು ಯಾರೆಂಬುದು ವೆಂಚುರಾಗೆ ವರ್ಷಗಳ ನಂತರ, ರಾಯಧನದ ಮೊಕದ್ದಮೆಯಲ್ಲಿ ಹೇಳಿಕೆ ಪಡೆಯುವಾಗ ತಿಳಿಯಿತು: ಹಲ್ಕ್ ಹೋಗನ್. ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಎಂದು ಮಕ್ಕಳಿಗೆ ಹೇಳುತ್ತಿದ್ದ ಪರಮ ಒಳ್ಳೆಯವನು. ಖಳನ ಪಾತ್ರದಲ್ಲಿದ್ದ ವೆಂಚುರಾ ಸಂಗಾತಿಗಳ ಪರ ನಿಂತ. ನಾಯಕನ ಪಾತ್ರದಲ್ಲಿದ್ದವನು ಧಣಿಯ ಪರ ನಿಂತ. ಇದನ್ನು ಯಾರೂ ಟಿವಿಯಲ್ಲಿ ತೋರಿಸಲಿಲ್ಲ. ತೋರಿಸಿದ್ದರೆ ಈ ಕಂಪನಿ ಹೇಳಿದ ಅತ್ಯುತ್ತಮ ಕಥೆ ಅದೇ ಆಗುತ್ತಿತ್ತು.

ಕೊನೆಗೆ ಸೀನಾನ ವಿದಾಯ. 2025ರ ಡಿಸೆಂಬರ್ 13, ವಾಷಿಂಗ್ಟನ್. ಎದುರಾಳಿ ಗುಂಥರ್ ಕತ್ತು ಹಿಡಿದ. ಎಂದೂ ಸೋಲೊಪ್ಪಬೇಡ ಎಂದು ಊರಿಗೆಲ್ಲ ಹೇಳಿದವನು ಒಮ್ಮೆ ನಸುನಕ್ಕು, ಕೈ ತಟ್ಟಿ ಸೋಲೊಪ್ಪಿದ. ಜನ ಒಂದು ಗಳಿಗೆ ಸ್ತಬ್ಧರಾದರು. ಆಮೇಲೆ ಬೂ ಎಂದು ಬೊಬ್ಬೆ ಹೊಡೆದರು. ಗುಂಥರ್‌ಗೆ ಹೊಡೆದದ್ದಕ್ಕಿಂತ ಜೋರಾಗಿ ಹೊಡೆದದ್ದು ಟ್ರಿಪಲ್ ಎಚ್‌ಗೆ. ದೆಹಲಿಗೆ ಬಂದಿದ್ದ ಅದೇ ಅಳಿಯ, ಈಗ ಕಥೆಗಳ ಮುಖ್ಯಸ್ಥ. ಕೆಟ್ಟವನನ್ನು ಬಿಟ್ಟು ಕಥೆ ಬರೆಸಿದವನನ್ನೇ ಬೈದರು. ನನಗೂ ಮನೆಯಲ್ಲಿ ಕೂತು ಬೈಯಬೇಕೆನಿಸಿತು, ಬೈದೆ. ಇದು ಸುಳ್ಳೆಂದು ಗೊತ್ತಿಲ್ಲದವರು ಮಾಡುವ ಕೆಲಸವಲ್ಲ. ಗೊತ್ತಿದ್ದೂ ಒಳ್ಳೆಯ ಸುಳ್ಳಿಗೆ ದುಡ್ಡು ಕೊಟ್ಟು, ಕಳಪೆ ಮಾಲು ಸಿಕ್ಕವರು ಮಾಡುವ ಜಗಳ.

ಕಂಪನಿಗೆ ಅದರ ಬಿಸಿ ತಟ್ಟಿದೆಯೇ ಎಂದು ಕೇಳಬೇಡಿ. ಆ ರಾತ್ರಿ ಬೂ ಎಂದವರೆಲ್ಲ ಟಿಕೆಟ್ ಕೊಂಡೇ ಒಳಗೆ ಬಂದಿದ್ದರು. 2027ರ ರೆಸಲ್‌ಮೇನಿಯಾವನ್ನು ರಿಯಾದ್‌ನಲ್ಲಿ ನಡೆಸುವುದಾಗಿ ಅದಕ್ಕೂ ಮೊದಲೇ ಘೋಷಿಸಿಯಾಗಿತ್ತು.